ಲೂಪ್ ಚೆನ್ನಾಗಿದೆ, ಟ್ರ್ಯಾಕ್ ಯಾಕೆ ಮುಗಿಯುತ್ತಿಲ್ಲ?

ಪ್ರಶ್ನೆ: ಕೆಲವು ವರ್ಷಗಳಿಂದ ಕಂಪ್ಯೂಟರ್‌ನಲ್ಲಿ ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್ ಮಾಡುತ್ತಿದ್ದೇನೆ. ಎಂಟು ಬಾರ್‌ನ ಲೂಪ್ (ಮತ್ತೆ ಮತ್ತೆ ಸುತ್ತಿ ನುಡಿಯುವ ತುಣುಕು) ಮಾಡಿದರೆ ಚೆನ್ನಾಗಿಯೇ ಬರುತ್ತದೆ, ಕೇಳಿದವರೂ ಮೆಚ್ಚುತ್ತಾರೆ. ಅದನ್ನೇ ಆರು ನಿಮಿಷದ ಪೂರ್ತಿ ಟ್ರ್ಯಾಕ್ ಮಾಡಲು ಹೊರಟರೆ ಎಲ್ಲ ಕೆಡುತ್ತದೆ. ಹೊಸ ಹೊಸ ಸೌಂಡ್ ಸೇರಿಸುತ್ತಾ ಹೋಗುತ್ತೇನೆ, ಕೊನೆಗೆ ಬರೀ ಗಲಾಟೆ. ಬೇಜಾರಾಗಿ ಇನ್ನೊಂದು ಲೂಪ್ ಶುರು ಮಾಡುತ್ತೇನೆ. ಫೋಲ್ಡರ್ ತುಂಬ ಅರ್ಧಕ್ಕೆ ನಿಂತ ಫೈಲ್‌ಗಳೇ. ನನಗೆ ಕಲ್ಪನಾಶಕ್ತಿ ಕಡಿಮೆಯೇ? ಸಂಗೀತದ ಥಿಯರಿ ಕಲಿಯಬೇಕೇ? ರೆಡಿ ಸ್ಯಾಂಪಲ್ (ಮೊದಲೇ ರೆಕಾರ್ಡ್ ಆದ ಸದ್ದಿನ ತುಣುಕು) ಬಳಸುವುದು ಮೋಸವೇ?

ಉತ್ತರ: ಕಲ್ಪನೆ ಇಲ್ಲದವರ ಲೂಪನ್ನು ಯಾರೂ ಮೆಚ್ಚುವುದಿಲ್ಲ. ಆ ಚಿಂತೆ ಬಿಡಿ. ತೊಂದರೆ ಇರುವುದು ಬೇರೆ ಕಡೆ. ಲೂಪ್ ಅಂದರೆ ಟ್ರ್ಯಾಕಿನ ಆರಂಭ ಅಂತ ನೀವು ಅಂದುಕೊಂಡಿದ್ದೀರಿ. ಕಿಕ್ (ತಳದ ಡ್ರಮ್ ಏಟು), ಕ್ಲ್ಯಾಪ್ (ಚಪ್ಪಾಳೆಯ ಸದ್ದು), ಹೈ-ಹ್ಯಾಟ್ (ಚಿಕ್ಕ ತಾಳದ ಸದ್ದು), ಬೇಸ್ (ಕೆಳಗಿನ ಸ್ವರಗಳು), ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು), ದನಿಯ ತುಣುಕು ಎಲ್ಲವೂ ಒಟ್ಟಿಗೆ ನುಡಿಯುವ ಜಾಗ ಅದು. ಪೂರ್ತಿ ಟ್ರ್ಯಾಕಿನಲ್ಲಿ ಆ ಜಾಗ ಬರಬೇಕಾದ್ದು ಮೂರನೇ ಎರಡು ಪಾಲು ದಾರಿ ಕಳೆದ ಮೇಲೆ. ನೀವು ತುತ್ತತುದಿಯಲ್ಲಿ ನಿಂತುಕೊಂಡು ಇನ್ನೂ ಮೇಲೆ ಹತ್ತಲು ನೋಡುತ್ತಿದ್ದೀರಿ. ಅಲ್ಲಿಂದ ಮೇಲೆ ಜಾಗವೇ ಇಲ್ಲ. ಸೇರಿಸಿದ್ದೆಲ್ಲ ಗಲಾಟೆಯಾಗದೆ ಇನ್ನೇನಾಗುತ್ತದೆ?

ಒಂದು ಸಣ್ಣ ಲೆಕ್ಕ ಹಾಕೋಣ. ಡ್ಯಾನ್ಸ್ ಮ್ಯೂಸಿಕ್‌ನ ಒಂದು ಬಗೆಯಾದ ಹೌಸ್ ಸಂಗೀತದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 128 ಬೀಟ್. 128 ಅಂತಲೇ ಇಟ್ಟುಕೊಳ್ಳಿ. ಆಗ ಒಂದು ಬೀಟ್‌ಗೆ 469 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡಿಗಿಂತ ತುಸು ಕಡಿಮೆ. ನಾಲ್ಕು ಬೀಟ್‌ನ ಒಂದು ಬಾರ್‌ಗೆ 1.875 ಸೆಕೆಂಡ್. ನಿಮ್ಮ ಎಂಟು ಬಾರ್ ಲೂಪ್ ಕರೆಕ್ಟಾಗಿ 15 ಸೆಕೆಂಡ್. ಆರು ನಿಮಿಷಕ್ಕೆ 192 ಬಾರ್ ಬೇಕು, ಅಂದರೆ ಲೂಪ್ 24 ಸಲ. ಈ 24ರಲ್ಲಿ ಎಲ್ಲ ಸೌಂಡ್‌ಗಳೂ ಪೂರ್ತಿ ತೆರೆದುಕೊಂಡು ನುಡಿಯಬೇಕಾದ್ದು ನಾಲ್ಕೋ ಆರೋ ಸಲ, ಅಷ್ಟೇ. ಮಿಕ್ಕ ಸಲವೆಲ್ಲ ಯಾವುದನ್ನು ಮುಚ್ಚಿಡಬೇಕು, ಎಷ್ಟು ಹೊತ್ತು ಮುಚ್ಚಿಡಬೇಕು ಅಂತ ತೀರ್ಮಾನ ಮಾಡುವುದೇ ನಿಮ್ಮ ಕೆಲಸ. ಡ್ಯಾನ್ಸ್ ಮ್ಯೂಸಿಕ್‌ನಲ್ಲಿ ಕಂಪೋಸಿಂಗ್ ಅಂದರೆ ಬಹುಪಾಲು ಇದೇ.

ಇದು ನಾನು ಕಟ್ಟಿದ ಸಿದ್ಧಾಂತವೇನೂ ಅಲ್ಲ. ಈ ಸಂಗೀತ ಬೆಳೆದು ಬಂದಿರುವುದೇ ಹಾಗೆ. 1970ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿ ಎಂಬ ಸೌಂಡ್ ಎಂಜಿನಿಯರ್ ಇದ್ದರು. ಆಗಲೇ ರೆಕಾರ್ಡ್ ಆಗಿದ್ದ ರೆಗ್ಗೆ ಹಾಡುಗಳನ್ನು ಮಿಕ್ಸರ್ ಮುಂದೆ ಕೂತು ಬಿಚ್ಚುತ್ತಿದ್ದರು. ಗಾಯಕನ ದನಿ ತೆಗೆಯುವುದು, ಗಿಟಾರ್ ಮುಚ್ಚುವುದು, ಡ್ರಮ್ ಮತ್ತು ಬೇಸ್ ಮಾತ್ರ ಉಳಿಸುವುದು, ಎಲ್ಲೋ ಒಂದು ಕಡೆ ದನಿಯ ಒಂದೇ ಒಂದು ತುಣುಕನ್ನು ಎಕೋದಲ್ಲಿ ಹಾರಿಬಿಡುವುದು. ಡಬ್ ಎಂಬ ಪ್ರಕಾರ ರೂಪುಗೊಂಡಿದ್ದು ಇಂಥ ಕೈಚಳಕದಿಂದ. ಅದೇ ದಶಕದಲ್ಲಿ ಅಮೆರಿಕದ ಟಾಮ್ ಮೌಲ್ಟನ್ ಮೂರು ನಿಮಿಷದ ಹಾಡುಗಳನ್ನು ಕುಣಿಯುವವರಿಗಾಗಿ ಎಳೆದು ಉದ್ದ ಮಾಡಿದರು. 1977ರಿಂದ ಶಿಕಾಗೋದ ವೇರ್‌ಹೌಸ್ ಕ್ಲಬ್‌ನಲ್ಲಿ ಡಿಜೆ ಆಗಿದ್ದ ಫ್ರ್ಯಾಂಕಿ ನಕಲ್ಸ್ ಡಿಸ್ಕೋ ಹಾಡುಗಳ ಟೇಪ್ ಕತ್ತರಿಸಿ, ಅಂಟಿಸಿ, ಕುಣಿತಕ್ಕೆ ಒದಗುವ ಭಾಗಗಳನ್ನು ಹಿಗ್ಗಿಸುತ್ತಿದ್ದರು. ಇವರ್ಯಾರೂ ಆ ಹಾಡುಗಳಿಗೆ ಹೊಸ ಟ್ಯೂನ್ ಕಟ್ಟಲು ಹೋಗಲಿಲ್ಲ. ಇರುವುದನ್ನೇ ಯಾವಾಗ ಕೊಡಬೇಕು, ಯಾವಾಗ ಕಿತ್ತುಕೊಳ್ಳಬೇಕು ಅಂತ ನೋಡಿದರು. ಕುಣಿಯುವವನಿಗೆ ಬೇಕಾದ್ದೂ ಅದೇ ತಾನೇ?

ಹಾಗಾದರೆ ಕೂತು ಮಾಡುವುದು ಹೇಗೆ? ನಿಮ್ಮ ಲೂಪನ್ನು 24 ಸಲ ಸಾಲಾಗಿ ಕಾಪಿ ಮಾಡಿ. ಪರದೆ ತುಂಬ ಬಣ್ಣದ ಪಟ್ಟಿಗಳು ಬಂದು ಕೂರುತ್ತವೆ. ಈಗ ಹೊಸದೇನನ್ನೂ ಹಾಕಬಾರದು, ಬರೀ ಅಳಿಸಬೇಕು. ಶುರುವಿನ 32 ಬಾರ್, ಅಂದರೆ ಮೊದಲ ಒಂದು ನಿಮಿಷ, ಕಿಕ್ ಮತ್ತು ಹ್ಯಾಟ್ ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ. ಕ್ಲ್ಯಾಪ್ ಮಾತ್ರ ನಡುವೆ 17ನೇ ಬಾರ್‌ನಲ್ಲಿ ಬರಲಿ. ಬೇಸ್ 33ಕ್ಕೆ ಬರಲಿ. ಕಾರ್ಡ್ ಇನ್ನೊಂದು 16 ಬಾರ್ ಕಾಯಲಿ. ಬಂದರೂ ಫಿಲ್ಟರ್ ಮುಚ್ಚಿಕೊಂಡೇ ಬರಲಿ, ಪಕ್ಕದ ಕೋಣೆಯಿಂದ ಕೇಳಿಸಿದಂತೆ. ದನಿಯ ತುಣುಕನ್ನು ಇನ್ನೂ ತೋರಿಸಲೇಬೇಡಿ. ಸುಮಾರು ಮೂರು ನಿಮಿಷದ ಹೊತ್ತಿಗೆ, 97ನೇ ಬಾರ್‌ನಲ್ಲಿ, ಕಿಕ್ ಮತ್ತು ಬೇಸ್ ಎರಡನ್ನೂ ಎತ್ತಿಬಿಡಿ. ಬ್ರೇಕ್‌ಡೌನ್ ಅನ್ನುವುದು ಇದನ್ನೇ. ದನಿಯ ತುಣುಕು ಮೊದಲ ಸಲ ಕೇಳಿಸಬೇಕಾದ್ದು ಇಲ್ಲಿ, ಖಾಲಿ ಜಾಗದಲ್ಲಿ. ಎಲ್ಲವೂ ಒಟ್ಟಿಗೆ ಬರುವುದು 129ನೇ ಬಾರ್‌ಗೆ, ಸರಿಯಾಗಿ ನಾಲ್ಕು ನಿಮಿಷಕ್ಕೆ. ನೀವು ಈಗ ಶುರುವಿನಲ್ಲೇ ಕೊಟ್ಟುಬಿಡುತ್ತಿರುವುದು ಇದನ್ನೇ!

ಈ ನಂಬರ್‌ಗಳನ್ನು ಕಟ್ಟಳೆ ಅಂತ ಹಿಡಿಯಬೇಡಿ. ಟೆಕ್ನೋ ಮಾಡುವವರು ಬ್ರೇಕ್‌ಡೌನ್ ಇಲ್ಲದೆಯೇ ಹತ್ತು ನಿಮಿಷ ನಡೆಸುತ್ತಾರೆ. ಡ್ರಮ್ ಅಂಡ್ ಬೇಸ್ ಎಂಬ ಪ್ರಕಾರ ನಿಮಿಷಕ್ಕೆ 170ರಿಂದ 175 ಬೀಟ್ ಓಡುವುದರಿಂದ ಅಲ್ಲಿ 16 ಬಾರ್ ಬೇಗ ಮುಗಿದುಹೋಗುತ್ತದೆ. ಆದರೆ ಎಂಟು, ಹದಿನಾರು, ಮೂವತ್ತೆರಡು ಎಂಬ ಕಟ್ಟು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಇದೆ. ಕುಣಿಯುವ ಮೈಗೆ ಈ ಎಣಿಕೆ ಗೊತ್ತು. ಬದಲಾವಣೆ ಎಲ್ಲಿ ಬರಬಹುದು ಅಂತ ಅದು ಮೊದಲೇ ಕಾಯುತ್ತಿರುತ್ತದೆ. ಡಿಜೆ ಕೂಡ ಈ ಲೆಕ್ಕದ ಮೇಲೆಯೇ ಒಂದು ಟ್ರ್ಯಾಕಿನೊಳಗೆ ಇನ್ನೊಂದನ್ನು ಬೆರೆಸುವುದು. ಶುರುವಿನಲ್ಲೂ ಕೊನೆಯಲ್ಲೂ ಬರೀ ಡ್ರಮ್ ಇರುವ ಭಾಗ ಬಿಡುವುದು ಅದಕ್ಕೇ.

ಈಗ 129ನೇ ಬಾರ್‌ಗೆ ಮುಂಚಿನ ಜಾಗವನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಡ್ರಾಪ್ (ಬ್ರೇಕ್‌ಡೌನ್ ಮುಗಿದು ಎಲ್ಲವೂ ಒಟ್ಟಿಗೆ ಬಂದು ಬೀಳುವ ಜಾಗ) ಜೋರಾಗಿ ಕೇಳಿಸಬೇಕು ಅಂತ ಎಲ್ಲರೂ ಡ್ರಾಪ್‌ಗೆ ಸೌಂಡ್ ತುಂಬುತ್ತಾರೆ. ನೀವು ಅದರ ಹಿಂದಿನ ಎಂಟು ಬಾರ್‌ಗೆ ಕೈ ಹಾಕಿ. 121ರಿಂದ 128ರವರೆಗೆ ಎಲ್ಲ ಚಾನೆಲ್‌ಗಳಲ್ಲೂ ಸುಮಾರು 150 ಹರ್ಟ್ಜ್‌ಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರ್ ಹಾಕಿ ನಿಧಾನಕ್ಕೆ ಕಳೆಯಿರಿ. ಒಂದೇ ಏಟಿಗೆ ಬೇಡ. ಮೊದಲ ನಾಲ್ಕು ಬಾರ್‌ನಲ್ಲಿ ಗೊತ್ತೇ ಆಗಬಾರದು. ಕಿವಿ ಆ ತೆಳುವಾದ ಸದ್ದಿಗೆ ಒಗ್ಗಿಹೋಗುತ್ತದೆ. 128ನೇ ಬಾರ್‌ನ ನಾಲ್ಕನೇ ಬೀಟ್‌ನಲ್ಲಿ ಎಲ್ಲವನ್ನೂ ನಿಲ್ಲಿಸಿ. ರಿವರ್ಬ್‌ನ ಬಾಲವನ್ನೂ ಕತ್ತರಿಸಿ. 469 ಮಿಲಿಸೆಕೆಂಡ್ ಏನೂ ಇಲ್ಲ. ಆಮೇಲೆ ಕಿಕ್ ಮತ್ತು ಬೇಸ್ ಬೀಳಲಿ. ಮೀಟರ್ ನೋಡಿದರೆ ಸದ್ದು ಲೂಪ್‌ನಲ್ಲಿ ಇದ್ದಷ್ಟೇ ಇರುತ್ತದೆ, ಒಂದು ಡೆಸಿಬಲ್ ಕೂಡ ಏರಿರುವುದಿಲ್ಲ. ಆದರೂ ಎದೆಗೆ ಗುದ್ದಿದ ಹಾಗಿರುತ್ತದೆ. ಹೋಲಿಸಿ ನೋಡಬೇಕಾದರೆ ಆ ಎಂಟು ಬಾರ್‌ಗಳನ್ನು ಮೊದಲಿನಂತೆ ಬಿಟ್ಟು ಒಂದು ಸಲ ಕೇಳಿ. ಅದೇ ಡ್ರಾಪ್ ಸಪ್ಪೆ ಅನಿಸುತ್ತದೆ.

ನಿಮಗೆ ಬೇಜಾರಾಗುತ್ತದೆ ಅಂದಿರಲ್ಲ, ಅದು ನಿಜ. ಆದರೆ ಅದಕ್ಕೆ ಕಾರಣ ಲೂಪ್ ಅಲ್ಲ. ಒಂದೇ ಸಂಜೆ ಒಂದೇ 15 ಸೆಕೆಂಡನ್ನು ನೂರಾರು ಸಲ ಕೇಳಿದರೆ ಯಾರಿಗಾದರೂ ಸಾಕಾಗುತ್ತದೆ. ನಿಮ್ಮ ಕೇಳುಗ ಅದನ್ನು ಕೇಳುತ್ತಿರುವುದು ಮೊದಲ ಸಲ. ನಿಮಗೆ ಹಳಸಿದ ಬೇಸ್‌ಲೈನ್ ಅವನಿಗಿನ್ನೂ ಹೊಸದು. ಈ ಬೇಜಾರನ್ನು ನಂಬಿ ಸೌಂಡ್ ಸೇರಿಸಲು ಹೋದರೆ ಟ್ರ್ಯಾಕ್ ಹಾಳಾಗುತ್ತದೆ. ನನ್ನ ಸಲಹೆ ಇಷ್ಟೇ: ಲೂಪ್ ಕೂಡಿಬಂದ ದಿನವೇ ಮೇಲೆ ಹೇಳಿದ ಅಳಿಸುವ ಕೆಲಸ ಒರಟಾಗಿಯಾದರೂ ಮುಗಿಸಿಬಿಡಿ. ಅಂದವಾಗಿರಬೇಕು ಅಂತೇನಿಲ್ಲ. ಆರು ನಿಮಿಷದ ಅಸ್ಥಿಪಂಜರ ಇದ್ದರೆ ಸಾಕು. ಮಾರನೇ ದಿನ ಫೈಲ್ ತೆರೆದಾಗ ನಿಮ್ಮ ಮುಂದೆ ಇರುವುದು ಟ್ರ್ಯಾಕ್, ಲೂಪ್ ಅಲ್ಲ. ಮನಸ್ಸು ಬೇರೆಯದೇ ರೀತಿಯಲ್ಲಿ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಈ ಕೆಲಸವನ್ನು ಸಣ್ಣ ದನಿಯಲ್ಲಿ ಮಾಡಿ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಅಷ್ಟಾಗಿ ಕೇಳುವುದಿಲ್ಲ, ಏರಿಸಿದಷ್ಟೂ ಬೇಸ್ ತುಂಬಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಜೋರಾಗಿ ಇಟ್ಟರೆ ಕೆಟ್ಟ ಅರೇಂಜ್‌ಮೆಂಟ್ ಕೂಡ ಮಜಾ ಕೊಡುತ್ತದೆ. ಸಣ್ಣ ದನಿಯಲ್ಲೂ ಹಿಡಿದಿಟ್ಟರೆ ಅದು ಗಟ್ಟಿ ಇದೆ ಅಂತ ಅರ್ಥ. ಕಿಕ್-ಬೇಸ್ ಎಷ್ಟು ತೂಕ ಇರಬೇಕು ಅನ್ನುವುದನ್ನು ಮಾತ್ರ ಆಮೇಲೆ ಜೋರಾಗಿ ಇಟ್ಟು ನೋಡಿಕೊಳ್ಳಿ.

ಗಲಾಟೆ ಅಂದಿರಿ. ಅದರ ಅರ್ಧ ಪಾಲು ಕಿಕ್ ಮತ್ತು ಬೇಸ್ ಜಗಳದಿಂದ ಬಂದಿರುತ್ತದೆ. ಕಿಕ್‌ನ ಮುಖ್ಯ ಭಾಗ ಬಹಳ ಸಲ 50 ಹರ್ಟ್ಜ್ ಆಸುಪಾಸಿನಲ್ಲಿ ಇರುತ್ತದೆ. ನಿಮ್ಮ ಬೇಸ್ ಕೆಳಗಿನ ಜಿ ಸ್ವರ ನುಡಿಸಿದರೆ ಅದು 49 ಹರ್ಟ್ಜ್. ಎರಡೂ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ನುಗ್ಗುತ್ತವೆ. ಸೈಡ್‌ಚೈನ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಕಿಕ್ ಬಿದ್ದಾಗ ಬೇಸ್ ತಗ್ಗುವಂತೆ. ಹಾಕಿ, ತಪ್ಪೇನಿಲ್ಲ. 128ರ ವೇಗದಲ್ಲಿ ಅರ್ಧ ಬೀಟ್ ಅಂದರೆ 234 ಮಿಲಿಸೆಕೆಂಡ್. ಅಷ್ಟರೊಳಗೆ ಬೇಸ್ ಮತ್ತೆ ಪೂರ್ತಿ ಎದ್ದು ನಿಲ್ಲುವಂತೆ ರಿಲೀಸ್ ಹೊಂದಿಸಿದರೆ ಆ ತಗ್ಗು-ಏರೇ ಒಂದು ತಾಳವಾಗುತ್ತದೆ. ಆದರೆ ಅದಕ್ಕೂ ಮೊದಲು ಬೇಸ್‌ನ ಸ್ವರಗಳನ್ನೇ ಕಿಕ್ ಇಲ್ಲದ ಜಾಗಕ್ಕೆ ಸರಿಸಿ ನೋಡಿ. ಎರಡು ಕಿಕ್‌ಗಳ ನಡುವಿನ ಖಾಲಿಯಲ್ಲಿ ಬೇಸ್ ಬಂದರೆ ಸೈಡ್‌ಚೈನ್ ಅಷ್ಟಾಗಿ ಬೇಕಾಗುವುದೇ ಇಲ್ಲ. ಸಮಸ್ಯೆಯನ್ನು ಬರೆಯುವಾಗಲೇ ಬಗೆಹರಿಸುವುದು ನನಗಿಷ್ಟ. ಪ್ಲಗ್‌ಇನ್ ಕೈಗೆ ಎಲ್ಲ ಬಿಟ್ಟುಬಿಡುವ ಚಾಳಿ ಈಗ ಜಾಸ್ತಿಯಾಗಿದೆ.

ಇಷ್ಟೊಂದು ಅಳಿಸಿದರೆ ಉಳಿದದ್ದು ಒಂದೇ ಸಮ ಅನಿಸಲ್ವಾ ಅಂತ ನೀವು ಕೇಳಬಹುದು. ಅನಿಸುತ್ತದೆ, ಒಂದೊಂದು ಸೌಂಡೂ ಒಳಗಿಂದ ಅಲುಗಾಡದೆ ಇದ್ದರೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಟಿಬಿ-303 ಎಂಬ ಚಿಕ್ಕ ಯಂತ್ರ. ರೋಲ್ಯಾಂಡ್ ಕಂಪನಿ 1980ರ ದಶಕದ ಶುರುವಿನಲ್ಲಿ ಅದನ್ನು ಮಾಡಿದ್ದು ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ, ಬೇಸ್ ಗಿಟಾರ್ ಬದಲಿಗೆ. ಅದರ ಸದ್ದು ಬೇಸ್ ಗಿಟಾರ್‌ನ ಹಾಗೆ ಕೇಳಿಸಲೇ ಇಲ್ಲ. 1984ರಲ್ಲಿ ತಯಾರಿಕೆ ನಿಂತಿತು, ಹಳೇ ಯಂತ್ರಗಳು ಅಗ್ಗಕ್ಕೆ ಬಿಕರಿಯಾದವು. ಶಿಕಾಗೋದ ಫ್ಯೂಚರ್ ತಂಡದ ಹುಡುಗರು ಅಂಥದ್ದೊಂದನ್ನು ಹಿಡಿದು, ಪ್ಯಾಟರ್ನ್ ಓಡುತ್ತಿರುವಾಗಲೇ ಅದರ ಗುಂಡಿಗಳನ್ನು ತಿರುಗಿಸಿದರು. 1987ರಲ್ಲಿ ಅವರು ಹೊರತಂದ ಟ್ರ್ಯಾಕ್‌ನಿಂದ ಆಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿಕೊಂಡಿತು. ಅದರಲ್ಲಿ ಬದಲಾಗುತ್ತಾ ಹೋಗುವುದು ಸ್ವರಗಳಿಗಿಂತ ಹೆಚ್ಚಾಗಿ ಸ್ವರದ ಬಣ್ಣ. ಫಿಲ್ಟರ್ ತೆರೆಯುತ್ತದೆ, ಮುಚ್ಚುತ್ತದೆ, ಕೀರಲು ಏರುತ್ತದೆ, ಇಳಿಯುತ್ತದೆ. ನಿಮಿಷಗಟ್ಟಲೆ ಕೇಳಿದರೂ ಸಾಕು ಅನಿಸುವುದಿಲ್ಲ.

ನೀವೂ ಇದನ್ನೇ ಮಾಡಿ. ಒಂದು ಸೌಂಡ್ ಆರಿಸಿಕೊಳ್ಳಿ, ಫಿಲ್ಟರ್‌ನ ಕಟಾಫನ್ನು (ಎಲ್ಲಿಂದ ಸದ್ದು ಕತ್ತರಿಸಬೇಕು ಅನ್ನುವ ಮಟ್ಟ) ಮೌಸ್‌ನಿಂದ ಗೆರೆ ಎಳೆದು ಏರಿಸುವ ಬದಲು ಕೈಯಿಂದಲೇ ಗುಂಡಿ ತಿರುಗಿಸಿ ಆರು ನಿಮಿಷ ಪೂರ್ತಿ ರೆಕಾರ್ಡ್ ಮಾಡಿ. ಗೆರೆ ಎಳೆದರೆ ಅದು ಸಮನಾಗಿ ಏರುತ್ತದೆ. ಕೈ ಹಾಗಲ್ಲ, ಎಲ್ಲೋ ತಡೆಯುತ್ತದೆ, ಎಲ್ಲೋ ಆತುರಪಡುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬಾರದೆ ಹೋಗಬಹುದು. ಉಳಿದ ಕಾಲು ಭಾಗ ನೀವು ಯೋಚಿಸಿ ಬರೆಯಲಾಗದ್ದು.

ಡ್ರಮ್‌ಗೂ ಸ್ವಲ್ಪ ಜೀವ ಬೇಕು. ಸ್ವಿಂಗ್ ಅನ್ನುವ ಆಯ್ಕೆ ನಿಮ್ಮ ಸಾಫ್ಟ್‌ವೇರ್‌ನಲ್ಲೂ ಇರುತ್ತದೆ. ರೋಜರ್ ಲಿನ್ 1980ರ ತಮ್ಮ ಎಲ್‌ಎಂ-1 ಡ್ರಮ್ ಮಷಿನ್‌ನಲ್ಲೇ ಇದನ್ನು ಕೊಟ್ಟಿದ್ದರು. ಬೀಟ್‌ನ ನಾಲ್ಕು ಭಾಗಗಳಲ್ಲಿ ಎರಡನೆಯದು ಮತ್ತು ನಾಲ್ಕನೆಯದು ತುಸು ತಡವಾಗಿ ಬೀಳುತ್ತವೆ, ಅಷ್ಟೇ. ಸ್ವಿಂಗ್ ಶೇಕಡಾ 50 ಅಂದರೆ ನೇರ, ತಡವೇ ಇಲ್ಲ. 128ರ ವೇಗದಲ್ಲಿ 54ಕ್ಕೆ ಇಟ್ಟರೆ ತಡ ಆಗುವುದು ಸುಮಾರು 9 ಮಿಲಿಸೆಕೆಂಡ್. ಕಿವಿಗೆ ತಡ ಅಂತ ಗೊತ್ತಾಗುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಇನ್ನೊಂದು ಉಪಾಯ: ಎಲ್ಲವೂ 16 ಹೆಜ್ಜೆಗೆ (ಬೀಟ್‌ಗೆ ನಾಲ್ಕರಂತೆ ಒಂದು ಬಾರ್) ಸುತ್ತುತ್ತಿರುವಾಗ ಒಂದು ಸಣ್ಣ ಸದ್ದನ್ನು ಮಾತ್ರ 7 ಹೆಜ್ಜೆಗೆ ಸುತ್ತುವಂತೆ ಬಿಡಿ. ಅದು ಕಿಕ್ ಜೊತೆ ಮತ್ತೆ ಅದೇ ಜಾಗದಲ್ಲಿ ಕೂಡಿಕೊಳ್ಳಲು ಏಳು ಬಾರ್ ಬೇಕು. ಅಷ್ಟು ಹೊತ್ತೂ ಪ್ರತಿ ಬಾರ್ ಸ್ವಲ್ಪ ಬೇರೆಯಾಗಿಯೇ ಕೇಳುತ್ತದೆ. ಹೊಸ ಸೌಂಡ್ ಸೇರಿಸಿದ್ದು ಸೊನ್ನೆ.

ಕಲ್ಪನೆ ಎಲ್ಲಿಂದ ಬರುತ್ತದೆ ಅನ್ನುವುದು ನಿಮ್ಮ ಪ್ರಶ್ನೆಯ ಅಡಿಯಲ್ಲಿರುವ ಪ್ರಶ್ನೆ ಅಂತ ಕಾಣುತ್ತದೆ. ಸೌಂಡ್ ಹುಡುಕುವುದು ಮತ್ತು ಟ್ರ್ಯಾಕ್ ಕಟ್ಟುವುದು ಎರಡನ್ನೂ ಒಂದೇ ಕೂರಿಕೆಯಲ್ಲಿ ಮಾಡಬೇಡಿ. ಕಿಕ್ ಸ್ಯಾಂಪಲ್ ಹುಡುಕುತ್ತಾ ಒಂದು ಗಂಟೆ ಕಳೆದವನಿಗೆ ಟ್ಯೂನ್ ಹೊಳೆಯುವುದಿಲ್ಲ. ಬೇಕಾದರೆ ಒಂದು ಇಡೀ ದಿನ ಸುಮ್ನೆ ಸಿಂಥ್ (ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ) ಜೊತೆ ಆಡಿ, ಇಷ್ಟವಾದದ್ದನ್ನು ಸೇವ್ ಮಾಡಿಕೊಳ್ಳಿ. ಕಟ್ಟಲು ಕೂತ ದಿನ ಸೇವ್ ಮಾಡಿದ್ದರಲ್ಲೇ ಆರಿಸಿ. ಏಳೆಂಟು ಚಾನೆಲ್ ದಾಟುವುದಿಲ್ಲ ಅಂತ ಕಟ್ಟು ಹಾಕಿಕೊಳ್ಳಿ. ಚಾನೆಲ್ ಮುಗಿದ ಮೇಲೆ ಏನಾದರೂ ಬೇಕು ಅನಿಸಿದರೆ ಇರುವುದರಲ್ಲಿ ಒಂದನ್ನು ಬಿಟ್ಟುಕೊಡಬೇಕು. ಆಗ ನಿಜವಾಗಿ ಬೇಕಾದ್ದು ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. ಟ್ಯೂನ್ ಹೊಳೆಯದಿದ್ದರೆ ಕೀಬೋರ್ಡ್ ಬಿಟ್ಟು ಲೂಪ್ ಹಾಕಿ ಗುನುಗಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಬೆರಳು ಅಭ್ಯಾಸವಾದ ಕಡೆಗೇ ಹೋಗುತ್ತದೆ. ಬಾಯಿ ಉಸಿರೆಳೆಯಲು ನಿಲ್ಲಬೇಕಾಗುತ್ತದೆ, ಹಾಗಾಗಿ ಟ್ಯೂನ್‌ನಲ್ಲಿ ಜಾಗ ಉಳಿಯುತ್ತದೆ.

ಇಷ್ಟವಾದ ಒಂದು ಟ್ರ್ಯಾಕನ್ನು ನಿಮ್ಮ ಪ್ರಾಜೆಕ್ಟ್‌ನೊಳಗೇ ಎಳೆದುಕೊಂಡು, ಎಷ್ಟನೇ ಬಾರ್‌ಗೆ ಏನು ಬಂತು, ಏನು ಹೋಯಿತು ಅಂತ ಗುರುತು ಹಾಕುತ್ತಾ ಕೇಳಿ. ನೀವು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಸಂಗತಿ ಅದರಲ್ಲಿರುವುದು ಕಾಣುತ್ತದೆ. ಟ್ಯೂನ್ ಕದಿಯಬೇಡಿ. ಕೇಳುಗನನ್ನು ಕಾಯಿಸುವ ರೀತಿಯನ್ನು ಎಷ್ಟು ಬೇಕಾದರೂ ಕಲಿಯಿರಿ.

ಥಿಯರಿ ಬಗ್ಗೆ: ಒಂದು ಮೈನರ್ ಸ್ಕೇಲ್, ಮೂರು ಸ್ವರದ ಕಾರ್ಡ್ ಕಟ್ಟುವುದು, ಬಾರ್ ಎಣಿಸುವುದು ಗೊತ್ತಿದ್ದರೆ ಈ ಕೆಲಸ ಶುರು ಮಾಡಲು ಸಾಕು. ಜಾಸ್ತಿ ಕಲಿತರೆ ಒಳ್ಳೆಯದೇ. ಆದರೆ ಟ್ರ್ಯಾಕ್ ಮುಗಿಯದಿರುವುದಕ್ಕೆ ಅದು ಮದ್ದಲ್ಲ. ಹೊಸ ಸಿಂಥ್ ಕೊಳ್ಳುವುದಂತೂ ಖಂಡಿತ ಅಲ್ಲ.

ರೆಡಿ ಸ್ಯಾಂಪಲ್ ಬಳಸುವುದು ಮೋಸ ಅಲ್ಲ. ಈ ಸಂಗೀತದ ಅರ್ಧ ಚರಿತ್ರೆ ಬೇರೆಯವರ ರೆಕಾರ್ಡ್‌ನಿಂದ ಕತ್ತರಿಸಿದ ತುಣುಕುಗಳ ಮೇಲೆ ನಿಂತಿದೆ. ದಿ ವಿನ್‌ಸ್ಟನ್ಸ್ ಎಂಬ ತಂಡದ ಡ್ರಮ್ಮರ್ ಗ್ರೆಗರಿ ಕೋಲ್ಮನ್ 1969ರ ಒಂದು ಹಾಡಿನ ನಡುವೆ ಒಬ್ಬರೇ ನುಡಿಸಿದ ನಾಲ್ಕು ಬಾರ್‌ಗಳನ್ನು ವೇಗ ಹೆಚ್ಚಿಸಿ, ಚೂರು ಮಾಡಿ, ಜೋಡಿಸಿಯೇ ಜಂಗಲ್ ಮತ್ತು ಡ್ರಮ್ ಅಂಡ್ ಬೇಸ್ ಬೆಳೆದದ್ದು. ಸಾವಿರಾರು ಟ್ರ್ಯಾಕ್‌ಗಳಲ್ಲಿ ಅದಿದೆ. 2006ರಲ್ಲಿ ತೀರಿಕೊಂಡ ಕೋಲ್ಮನ್‌ಗೆ ಅದರಿಂದ ರಾಯಲ್ಟಿ ಸಿಗಲೇ ಇಲ್ಲ. ಕೆಲಸದ ದೃಷ್ಟಿಯಿಂದ ಅದು ಅದ್ಭುತ, ಮನುಷ್ಯನ ದೃಷ್ಟಿಯಿಂದ ಅನ್ಯಾಯ. ಹಾಗಾಗಿ ಹಳೇ ಹಾಡಿನ ತುಣುಕು ಬಳಸಿ ಟ್ರ್ಯಾಕ್ ಹೊರತರುವುದಾದರೆ ಹಕ್ಕುದಾರರ ಒಪ್ಪಿಗೆ ತೆಗೆದುಕೊಳ್ಳಿ. ಸ್ಯಾಂಪಲ್ ಪ್ಯಾಕ್‌ಗಳಲ್ಲಿ ಬಹುಪಾಲು ರಾಯಲ್ಟಿ ಇಲ್ಲದೆ ಬಳಸಲು ಬರುತ್ತವೆ, ಆದರೂ ಷರತ್ತು ಓದಿ. ಪ್ಯಾಕಿನ ಲೂಪನ್ನು ಇದ್ದ ಹಾಗೇ ಹಾಕಿದರೆ ಇನ್ನೂ ನೂರು ಜನರ ಟ್ರ್ಯಾಕಿನಲ್ಲಿ ಅದೇ ಕೇಳುತ್ತದೆ. ಕತ್ತರಿಸಿ, ತಿರುಗಿಸಿ, ಪಿಚ್ ಇಳಿಸಿ, ನಿಮ್ಮ ಕಿಕ್‌ಗೆ ಹೊಂದಿಸಿ. ಯಾವ ಸದ್ದು ಎಲ್ಲಿಂದ ಬಂತು ಅನ್ನುವುದನ್ನು ಅದರ ಲೈಸೆನ್ಸ್ ಜೊತೆಗೇ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಬರೆದಿಡಿ. ಟ್ರ್ಯಾಕ್ ಹೊರಬರುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.